ಹಾಳೆ ಕೊಟ್ಟರೆ ಸಾಲದು, ಮುಂದಿನ ವಾರ ತೆರೆದು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಗೀಳು ಕಾಯಿಲೆಯ (ಒಸಿಡಿ) ಬಗ್ಗೆ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ, ಅರಿವಿನ ವರ್ತನಾ ಚಿಕಿತ್ಸೆಗೆ (ಯೋಚನೆ, ವರ್ತನೆಗಳನ್ನು ಅಭ್ಯಾಸದಿಂದ ತಿದ್ದಿಕೊಳ್ಳುವ ಚಿಕಿತ್ಸೆ, ಸಿಬಿಟಿ) ಬರುವವರು ಮನೆಯಲ್ಲಿ ಮಾಡಬೇಕಾದ ಅಭ್ಯಾಸವನ್ನೇ ಮಾಡುವುದಿಲ್ಲ ಎಂಬ ದೂರಿತ್ತು. ಮಾಡದೆ ಬಿಟ್ಟವಳೂ ನಾನೇ, ಆಮೇಲೆ ಮಾಡಿದವಳೂ ನಾನೇ. ಹಾಗಾಗಿ ಈ ಪತ್ರ.

ನಾನು ಶಿರಸಿ ಹತ್ತಿರದ ಹಳ್ಳಿಯವಳು, ಪೇಟೆಯ ಸಹಕಾರ ಸಂಘವೊಂದರಲ್ಲಿ ನಗದು ಗುಮಾಸ್ತೆ. ನೋಟನ್ನು ಎರಡು ಸಲ ಎಣಿಸುವುದು ನನ್ನ ಕೆಲಸದ ಶಿಸ್ತು, ಅದು ರೋಗವಲ್ಲ. ರೋಗ ಇದ್ದದ್ದು ಅಡುಗೆಮನೆಯಲ್ಲಿ. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಬೀಗ ಹಾಕಿ, ಅಂಗಳ ದಾಟುವಷ್ಟರಲ್ಲಿ ‘ಬಂದ್ ಮಾಡಿದೆನೇ?’ ಎಂಬ ಪ್ರಶ್ನೆ ಏಳುತ್ತಿತ್ತು. ಮತ್ತೆ ಬೀಗ ತೆಗೆಯುವುದು, ಮುಟ್ಟಿ ನೋಡುವುದು. 15–16 ಸಲ ಹೀಗೆ ಓಡಾಡಿ ಬಸ್ ತಪ್ಪಿಸಿಕೊಂಡ ದಿನಗಳಿವೆ. ಕೊನೆಗೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೊರಡತೊಡಗಿದೆ. ರೆಗ್ಯುಲೇಟರಿನದೇ 400 ಫೋಟೊ ಇದ್ದವು. ಮಗಳ ಮದುವೆಯಲ್ಲೂ ಅಷ್ಟು ತೆಗೆದಿರಲಿಲ್ಲ.

ಮೊದಲು ಹೋದ ಕಡೆ ಏಳು ಕಾಲಮ್ಮಿನ ಇಂಗ್ಲಿಷ್ ಹಾಳೆ ಕೊಟ್ಟು ‘ತುಂಬಿಸಿಕೊಂಡು ಬನ್ನಿ’ ಎಂದರು. ಬಿ.ಕಾಂ. ಓದಿದ್ದೇನೆ, ಇಂಗ್ಲಿಷ್ ಬರುತ್ತದೆ. ಆದರೆ ಹೆದರಿಕೆ ನನಗೆ ಕನ್ನಡದಲ್ಲಿ ಬರುತ್ತದೆ. ಹೇಗೋ ಅರ್ಧ ತುಂಬಿಸಿಕೊಂಡು ಹೋದರೆ ಅವರು ಹಾಳೆಯನ್ನು ಕೇಳಲೂ ಇಲ್ಲ. ಮೂರನೆಯ ವಾರದಿಂದ ನಾನೂ ಬಿಟ್ಟೆ. ಐದನೆಯ ವಾರ ‘ನಿಮಗೆ ಗುಣವಾಗುವ ಮನಸ್ಸೇ ಇಲ್ಲ’ ಎಂದು ಹೇಳಿಸಿಕೊಂಡು ಬಂದೆ.

ವರ್ಷ ಕಳೆದ ಮೇಲೆ ಸಿಕ್ಕ ಮನಃಶಾಸ್ತ್ರಜ್ಞೆ ನನ್ನ ಮಗಳ ವಯಸ್ಸಿನವರು. ಹಾಳೆ ಕೊಡಲಿಲ್ಲ. ‘ಸಂಘದಲ್ಲಿ ದಿನದ ಲೆಕ್ಕ ಎಲ್ಲಿ ಬರೆಯುತ್ತೀರಿ?’ ಎಂದರು. ಕಿರ್ದಿಯಲ್ಲಿ ಎಂದೆ. ಹೆದರಿಕೆಗೂ ಒಂದು ಕಿರ್ದಿ ಇಡೋಣ ಎಂದರು. ಕಾಲಮ್ ಮೂರೇ: ಹೊತ್ತು, ಎಲ್ಲಿದ್ದೆ, ಹೆದರಿಕೆ ನೂರಕ್ಕೆ ಎಷ್ಟು. ಇಬ್ಬರೂ ಕೂತು ಕಡಿಮೆ ಹೆದರಿಕೆಯಿಂದ ಹೆಚ್ಚಿನದಕ್ಕೆ ಮೆಟ್ಟಿಲು ಕಟ್ಟಿದೆವು. ಬಚ್ಚಲಿನ ಕಿಟಕಿಗೆ 30, ಹಿತ್ತಿಲ ಬಾಗಿಲಿಗೆ 50, ಎದುರು ಬಾಗಿಲ ಬೀಗಕ್ಕೆ 70, ಗ್ಯಾಸಿಗೆ 95. ಒಂದೇ ಸಲ ನೋಡಿ ಹೊರಡಬೇಕು. ಫೋಟೊ ತೆಗೆಯುವುದೂ ತಿರುಗಿ ನೋಡಿದಂತೆಯೇ, ಎಲ್ಲವನ್ನೂ ಅಳಿಸಿ ಎಂದರು. ಅಳಿಸುವಾಗ ಕೈ ನಡುಗಿತು.

ನಾಲ್ಕನೆಯ ವಾರ, ಬೀಗದ ಸರದಿಯಲ್ಲಿ, ಬಸ್ ನಿಲ್ದಾಣದಿಂದ ಮನೆಗೆ ಓಡಿದೆ. ‘ತಿರುಗಿ ಹೋದೆ’ ಎಂದೇ ಕಿರ್ದಿಯಲ್ಲಿ ಬರೆದೆ. ಅವರು ಬೈಯಲಿಲ್ಲ. ಹಿಂದಿನ ರಾತ್ರಿ ಏನಾಗಿತ್ತು ಎಂದು ವಿಚಾರಿಸಿದರು. ಅತ್ತೆಗೆ ಜ್ವರ, ನನಗೆ ನಿದ್ದೆಯಿಲ್ಲ. ಆ ವಾರ ಮತ್ತೆ ಹಿತ್ತಿಲ ಬಾಗಿಲಿಗೆ ಇಳಿದೆವು. ಪ್ರತಿ ಭೇಟಿಯೂ ಕಿರ್ದಿ ತೆರೆಯುವುದರಿಂದಲೇ ಶುರುವಾಗುತ್ತಿತ್ತು.

ಗ್ಯಾಸಿನ ದಿನ ಬರೆದದ್ದು ಈಗಲೂ ಮುಂದಿದೆ: 8.40, ಬಸ್ ಹತ್ತಿದೆ, 95. 8.50, ಸೀಟು ಸಿಕ್ಕಿತು, 90. 9.05, ಪೇಟೆ, 70. 9.40, ಕೌಂಟರ್, 35. ನಾನು ಏನೂ ಮಾಡದೆ ಆ ಅಂಕಿ ತಾನಾಗಿ ಇಳಿಯಿತು. ಇದನ್ನು ಅವರ ಕೋಣೆಯಲ್ಲಿ ಕೂತು ಕಲಿಯುವುದು ಹೇಗೆ? ಅಲ್ಲಿ ನನ್ನ ಸಿಲಿಂಡರ್ ಇರಲಿಲ್ಲ. 1966ರಲ್ಲಿ ಲಂಡನ್ನಿನ ಮನಃಶಾಸ್ತ್ರಜ್ಞ ವಿಕ್ಟರ್ ಮೆಯರ್, ಹೆದರಿಕೆಯನ್ನು ಎದುರಿಸಿಯೂ ತಿರುಗಿ ನೋಡದೆ ಇರುವ ಈ ಕ್ರಮದ ಫಲವನ್ನು ಮೊದಲು ವರದಿ ಮಾಡಿದಾಗ ರೋಗಿಗಳು ಆಸ್ಪತ್ರೆಯಲ್ಲೇ ಇದ್ದರಂತೆ, ಪಕ್ಕದಲ್ಲಿ ದಾದಿಯರ ಕಾವಲಿತ್ತಂತೆ. ನನ್ನ ಕಾವಲಿಗೆ ಇದ್ದದ್ದು ಕಿರ್ದಿ ಮತ್ತು ಯಜಮಾನರು.

ಅವರಿಗೂ ಹೋಮ್‌ವರ್ಕ್ ಇತ್ತು. (‘ಮನೆಗೆಲಸ’ ಎಂದು ಬರೆಯಲು ಕೈ ಬರುವುದಿಲ್ಲ, ಅದು ನಮಗೆ ಮೊದಲೇ ಸಾಕಷ್ಟಿದೆ.) ಗ್ಯಾಸ್ ಬಂದ್ ಆಗಿದೆಯೇ ಎಂದು ನಾನು ಫೋನಿನಲ್ಲಿ ಕೇಳಿದರೆ ಉತ್ತರಿಸಬಾರದು. ಇಷ್ಟು ವರ್ಷ ತೋಟದಲ್ಲಿ ನಿಂತುಕೊಂಡೇ ‘ಹೌದು ಮಾರಾಯ್ತಿ, ಆಗಿದೆ’ ಎಂದು ಸಮಾಧಾನ ಹೇಳಿದ ಮನುಷ್ಯ. ನನಗಿಂತ ಅವರಿಗೇ ಕಷ್ಟವಾಯಿತು. ಮೊದಲ ವಾರವೆಲ್ಲ ‘ಇವತ್ತು ಅಡಿಕೆ ಧಾರಣೆ ಎಷ್ಟಂತೆ?’ ಎಂದು ಮಾತು ತಿರುಗಿಸಿದರು.

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿ ತೋರಿಸಿದ ಮಾದರಿಯ ಮೇಲೆ. ಅಂಥ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾತ್ರೆ ಚೀಟಿಯ ಜೊತೆಗೆ ಮೂರು ಕಾಲಮ್ಮಿನ ಕನ್ನಡ ಪುಸ್ತಕವೊಂದೂ ಸಿಗಲಿ. ಬರೆಯಲು ಬಾರದವರು ಎಷ್ಟು ಸಲ ತಿರುಗಿ ನೋಡಿದರೋ ಅಷ್ಟು ಹುಣಸೆಬೀಜವನ್ನು ಡಬ್ಬಿಗೆ ಹಾಕಿ ತಂದರೂ ಸಾಕು, ಎಣಿಸಲು ಯಾರಾದರೂ ಇರಬೇಕಷ್ಟೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಹೆಸರು ಪ್ರಕಟಿಸಬೇಡಿ, ಸಂಘದ ಸದಸ್ಯರು ನನ್ನ ಎಣಿಕೆಯನ್ನು ಅನುಮಾನಿಸಿಯಾರು. ಈ ಪತ್ರವನ್ನು ಒಂದೇ ಸಲ ಓದಿ ಲಕೋಟೆಗೆ ಹಾಕುತ್ತಿದ್ದೇನೆ. ತಪ್ಪಿದ್ದರೆ ತಾವೇ ತಿದ್ದಿಕೊಳ್ಳಿ.

– ಓದುಗರೊಬ್ಬರು, ಶಿರಸಿ