ಹಣ, ಜಾಗ ಕೈಗೆ ಬಂದ ಮೇಲೆ ರಸ್ತೆ ಅಗೆಯಲಿ

ಸಂಪಾದಕರಿಗೆ ನಮಸ್ಕಾರ.

ಶ್ರೀನಿವಾಸಪುರ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುವ ಪಿಕಪ್ ಗಾಡಿ ನನ್ನದು. ನಾವು ಓಡಾಡುವ ಒಂದು ರಸ್ತೆಯನ್ನು ಅಗಲ ಮಾಡುತ್ತೇವೆ ಅಂತ ಒಂದು ಬದಿ ಅಗೆದು, ಜಲ್ಲಿ ಸುರಿದು, ಮೋರಿಯನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ. ಕರೆಂಟ್ ಕಂಬಗಳು ಹೊಸ ರಸ್ತೆ ಬರಬೇಕಾದ ಜಾಗದಲ್ಲೇ ನಿಂತಿವೆ. ಮೇಸ್ತ್ರಿಯನ್ನು ಕೇಳಿದರೆ ಬಿಲ್ ಆಗಿಲ್ಲ ಅಂದ. ಪಕ್ಕದ ಹೊಲದವರು ಪರಿಹಾರ ಬಂದಿಲ್ಲ, ಜಾಗ ಬಿಡಲ್ಲ ಅಂದರು. ಇಬ್ಬರ ಮಾತೂ ನ್ಯಾಯವೇ. ಆದರೆ ಗಾಡಿ ಕುಲುಕಿ ಹಣ್ಣು ಒಡೆದರೆ ಹರಾಜಿನಲ್ಲಿ 15 ಕೆ.ಜಿ. ಬಾಕ್ಸ್‌ನ ರೇಟ್ ಅಲ್ಲೇ ಬಿದ್ದುಹೋಗುತ್ತದೆ. ಆ ನಷ್ಟ ಯಾವ ಇಲಾಖೆಯ ಲೆಕ್ಕಕ್ಕೂ ಬರಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 1964ರ ಹೆದ್ದಾರಿ ಕಾಯ್ದೆ ರಸ್ತೆಯ ಗಡಿ, ಒತ್ತುವರಿ ನೋಡುತ್ತದೆ. ಟೆಂಡರ್ ಹೇಗೆ ಕೊಡಬೇಕು ಅಂತ 1999ರ ಪಾರದರ್ಶಕ ಕಾಯ್ದೆ ಹೇಳುತ್ತದೆ. ಹಣ ಹಂಚಿಕೆಯಾಗದೆ ಕೆಲಸ ಶುರು ಮಾಡಬಾರದು ಅಂತ ಲೋಕೋಪಯೋಗಿ ಇಲಾಖೆಯ ಕೋಡ್‌ನಲ್ಲೂ ಇದೆ. ಆದರೆ ಬಜೆಟ್‌ನಲ್ಲಿ ಸ್ವಲ್ಪ ಹಣ ತೋರಿಸಿದರೂ ಹಂಚಿಕೆ ಆದ ಹಾಗೇ. ಅಷ್ಟಕ್ಕೆ ಗುದ್ದಲಿ ಪೂಜೆ ಆಗಿಬಿಡುತ್ತದೆ.

ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೈಬ್ರಿಡ್ ಆನ್ಯುಟಿ ಮಾದರಿ (ವೆಚ್ಚದ ಒಂದು ಪಾಲನ್ನು ಕೆಲಸ ನಡೆಯುವಾಗ, ಉಳಿದದ್ದನ್ನು ಆಮೇಲೆ ಕಂತಿನಲ್ಲಿ ಸರ್ಕಾರ ಕೊಡುವ ಗುತ್ತಿಗೆ) ತಂದಾಗ ಶೇ 80ರಷ್ಟು ಜಾಗ ಕೈಗೆ ಬಂದಿರಬೇಕು, ಆಮೇಲೆಯೇ ಕೆಲಸದ ದಿನಗಣನೆ ಶುರು ಎಂಬ ಷರತ್ತು ಹಾಕಿತ್ತು. ಅದರಲ್ಲಿ ವೆಚ್ಚದ ಶೇ 40ನ್ನು ರಸ್ತೆ ಕಟ್ಟುವಾಗಲೇ ಸರ್ಕಾರ ಕೊಡುತ್ತದೆ. ನಮ್ಮ ರಾಜ್ಯ ಹೆದ್ದಾರಿಗಳಿಗೆ ಇಂಥದ್ದು ಕರಾರಿನಲ್ಲಿದ್ದರೆ ಸಾಲದು, ಕಾಯ್ದೆಯಾಗಬೇಕು. ಜಾಗ ಸಿಕ್ಕಿ, ಕಂಬ, ಪೈಪ್‌ಲೈನ್ ಎತ್ತಿಟ್ಟ ಮೇಲೆ ಕಾರ್ಯಾದೇಶ ಕೊಡಲಿ. ಮೊದಲ ವರ್ಷದ ಬಿಲ್‌ಗೆ ಬೇಕಾದ ಹಣ ಬೇರೆ ಖಾತೆಯಲ್ಲಿರಲಿ. ಬಿಲ್ ಪಾಸಾದ ಮೇಲೆ ತಡವಾದರೆ ಬಡ್ಡಿ ಸೇರಿಸಿ ಕೊಡಲಿ. ಸಣ್ಣ ಕಂಟ್ರಾಕ್ಟರ್‌ಗಳು ಸಾಲ ತಂದು ಎಷ್ಟು ದಿನ ಜಲ್ಲಿ ಹಾಕುತ್ತಾರೆ?

ಹಣ ಎಲ್ಲಿಂದ ಅಂತ ಕೇಳಬಹುದು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದರು. ಲೀಟರ್‌ಗೆ 2 ರೂಪಾಯಿ ಜಾಸ್ತಿಯಾಯಿತು. ನಾವು ಕೊಡುತ್ತಲೇ ಇದ್ದೇವೆ. ಅದರಲ್ಲಿ ಒಂದು ಪಾಲು ರಸ್ತೆಗೇ ಅಂತ ಕಾಯ್ದೆಯಲ್ಲಿ ಬರೆಯಲಿ. ಕೇರಳದಲ್ಲಿ ವಾಹನ ತೆರಿಗೆಯ ಪಾಲು, ಪೆಟ್ರೋಲ್ ಸೆಸ್ ಎರಡನ್ನೂ ಕಾನೂನಿನ ಮೂಲಕವೇ ಕಿಫ್‌ಬಿಗೆ (ರಸ್ತೆಯಂಥ ಮೂಲಸೌಕರ್ಯಕ್ಕೆ ಹಣ ಹೊಂದಿಸುವ ಅಲ್ಲಿನ ಸರ್ಕಾರಿ ಸಂಸ್ಥೆ) ಕೊಟ್ಟಿದ್ದಾರೆ. ಅದು ಬಜೆಟ್‌ನ ಹೊರಗೆ ಸಾಲ ಮಾಡಿದ್ದಕ್ಕೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಆಕ್ಷೇಪ ಎತ್ತಿದ್ದೂ ನಿಜ. ಹಾಗಾಗಿ ನಮ್ಮಲ್ಲಿ ತೆರಿಗೆ ಪಾಲು ಸಾಕು, ಅದರ ಹೆಸರಲ್ಲಿ ಸಾಲ ಬೇಡ.

ಕೆಲಸ ನಡೆಯುವ ಕಡೆ ಬೋರ್ಡ್‌ನಲ್ಲಿ ಬಿಡುಗಡೆಯಾದ ಹಣ, ಬಾಕಿ ಬಿಲ್, ಸಿಗಬೇಕಾದ ಜಾಗ ಎಲ್ಲವನ್ನೂ ಕನ್ನಡದಲ್ಲಿ ಬರೆಯಬೇಕು. ಕೋಲಾರ, ಚಿಕ್ಕಬಳ್ಳಾಪುರದ ಶಾಸಕರು ಪಕ್ಷ ನೋಡದೆ ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಲಿ. ಸರ್ಕಾರ ತರದಿದ್ದರೆ ಖಾಸಗಿ ಮಸೂದೆಯನ್ನಾದರೂ ಮಂಡಿಸಬಹುದು, ಅಲ್ವಾ?

ಒಬ್ಬ ಗೂಡ್ಸ್ ಗಾಡಿ ಮಾಲೀಕ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ