ಥೇರವಾದ, ಮಹಾಯಾನ ವಾದಕ್ಕೆ ಇಳಿಯುವ ಮುನ್ನ

ಎಲ್ಲರಿಗೂ ನಮಸ್ಕಾರ. ಥೇರವಾದ, ಮಹಾಯಾನ ಬೌದ್ಧ ಧರ್ಮದ ಎರಡು ದೊಡ್ಡ ಪಂಥಗಳು. ಇವುಗಳಲ್ಲಿ ‘ಅಸಲಿ ಬೌದ್ಧ ಧರ್ಮ ಯಾವುದು’ ಅಂತ ನಮ್ಮ ಗುಂಪಿನಲ್ಲಿ ನಿನ್ನೆ ರಾತ್ರಿ ಶುರುವಾದ ವಾದ ಇನ್ನೂ ನಿಂತಿಲ್ಲ. ಮುಂದುವರಿಸಿ, ಆದರೆ ಮೊದಲು ಇದನ್ನು ಓದಿ.

‘ಹೀನಯಾನ’ ಅನ್ನುವ ಪದ ದಯವಿಟ್ಟು ಬೇಡ. ಅದು ಮಹಾಯಾನದವರು ಇಟ್ಟ ಹೆಸರು. ‘ಕೀಳು ದಾರಿ’ ಅಂತ ಕರೆಸಿಕೊಳ್ಳಲು ಯಾರಿಗೆ ಇಷ್ಟ? ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್‌ಗಳಲ್ಲಿ ಇರುವುದು ಥೇರವಾದ. ಹಾಗೇ ಕರೆಯೋಣ.

ಥೇರವಾದದವರೂ ಮಹಾಯಾನದವರೂ ಹಾವು ಮುಂಗುಸಿ ಇದ್ದ ಹಾಗೆ ಅಂದುಕೊಳ್ಳುವುದೂ ತಪ್ಪು. 7ನೇ ಶತಮಾನದಲ್ಲಿ ಭಾರತಕ್ಕೆ ಬಂದ ಚೀನಾದ ಭಿಕ್ಷು ಇತ್ಸಿಂಗ್ ಪ್ರಕಾರ, ಮಹಾಯಾನದವರೂ ಉಳಿದವರೂ ಪಾಲಿಸುತ್ತಿದ್ದ ವಿನಯ, ಅಂದರೆ ಭಿಕ್ಷುಗಳ ನಡತೆಯ ನಿಯಮ, ಒಂದೇ. ಬೋಧಿಸತ್ವರನ್ನು (ಎಲ್ಲರಿಗಾಗಿ ಬುದ್ಧರಾಗಲು ಹೊರಟವರನ್ನು) ಪೂಜಿಸಿ, ಮಹಾಯಾನ ಸೂತ್ರ (ಧರ್ಮಗ್ರಂಥ) ಓದಿದರೆ ಮಹಾಯಾನಿ. ಅಷ್ಟೇ!

ಇವತ್ತಿನ ಲೆಕ್ಕವನ್ನೇ ನೋಡಿ. ಭಿಕ್ಷುಗಳಿಗೆ ಥೇರವಾದದಲ್ಲಿ 227 ನಿಯಮ, ಚೀನಾದ ಪರಂಪರೆಯಲ್ಲಿ 250, ಟಿಬೆಟ್‌ನಲ್ಲಿ 253. ಕೊಲೆ, ಕಳವಿನಂಥ ನಾಲ್ಕು ದೊಡ್ಡ ತಪ್ಪುಗಳು ಮೂರರಲ್ಲೂ ಅವೇ. ಜಾಸ್ತಿ ವ್ಯತ್ಯಾಸ ಇರುವುದು ಹೇಗೆ ಉಣ್ಣಬೇಕು, ಹೇಗೆ ಬಟ್ಟೆ ಉಡಬೇಕು ಅನ್ನುವ ಸಣ್ಣಪುಟ್ಟ ಶಿಸ್ತಿನಲ್ಲಿ. ನನಗಂತೂ ಇದು ಮಜಾ ಅನ್ನಿಸಿತು.

ಧ್ಯಾನಕ್ಕೆ ಒತ್ತು ಕೊಡುವ ಝೆನ್ ಪಂಥ ಮಹಾಯಾನದ್ದೇ ಕವಲು, ಬೇರೆ ಧರ್ಮವಲ್ಲ. ಟಿಬೆಟ್‌ನ ವಜ್ರಯಾನ (ಮಂತ್ರ, ತಂತ್ರ ಸಾಧನೆಯ ಪಂಥ) ನಿಂತಿರುವುದೂ ಮಹಾಯಾನದ ಮೇಲೆಯೇ.

ಹಾಗಂತ ಭೇದವೇ ಇಲ್ಲ ಅಂತಲ್ಲ. ಮಹಾಯಾನ ಸೂತ್ರಗಳನ್ನು ಬುದ್ಧನ ಮಾತು ಅಂತ ಥೇರವಾದ ಒಪ್ಪುವುದಿಲ್ಲ. ಅರ್ಹಂತನಾಗುವುದೋ (ತಾನು ಬಿಡುಗಡೆ ಪಡೆಯುವುದೋ), ಎಲ್ಲರಿಗಾಗಿ ಬುದ್ಧನಾಗಲು ಹೊರಡುವುದೋ ಅನ್ನುವ ಪ್ರಶ್ನೆಯೂ ಇದೆ. ಚರ್ಚೆಗೆ ಇವು ಒಳ್ಳೆಯ ವಿಷಯ ಅಲ್ವಾ? ಇವತ್ತು ಸಂಜೆ ಇದರಿಂದಲೇ ಶುರು ಮಾಡೋಣ. ಸುಮ್ನೆ ಬಂದ ಫಾರ್ವರ್ಡ್‌ಗಳನ್ನು ಮಾತ್ರ ಹಾಕಬೇಡಿ.