ಬಂದರಿನ ಗುಜರಿ ಅಂಗಡಿಯ ಹಿರಿಯರಿಗೆ ಧನ್ಯವಾದ

ನನ್ನ ಹಳೆಯ ಬ್ರಿಟಿಷ್ ಸ್ಪ್ಯಾನರ್ ಸೆಟ್ಟಿನಲ್ಲಿ 3/8 ವಿಟ್‌ವರ್ತ್ (ಬೋಲ್ಟು-ನಟ್ಟುಗಳಿಗೆ ಇಂಚಿನಲ್ಲಿ ಅಳತೆ ಹೇಳುವ ಹಳೆಯ ಬ್ರಿಟಿಷ್ ಪದ್ಧತಿ) ಅಳತೆಯದೊಂದು ಬಹುಕಾಲದಿಂದ ಇರಲಿಲ್ಲ. ಈ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲಿನ ಸಂಖ್ಯೆ ಬೋಲ್ಟಿನ ವ್ಯಾಸವನ್ನು ಹೇಳುತ್ತದೆಯೇ ಹೊರತು ಬಾಯಿಯ ಅಗಲವನ್ನಲ್ಲ. 3/8 ಎಂದಿರುವುದರ ಬಾಯಿ ಸುಮಾರು 18 ಮಿ.ಮೀ. ಇರುತ್ತದೆ. ಇದನ್ನು ಬಲ್ಲವರು ಈಗ ಅಪರೂಪ. ಮಂಗಳೂರಿನ ಬಂದರಿನ ಗುಜರಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು, ಬಾಗಿಲು ಹಾಕುವ ಹೊತ್ತಾಗಿದ್ದರೂ, ರಾಶಿಯೊಳಗಿಂದ ತುಕ್ಕು ಹಿಡಿದ ಸ್ಪ್ಯಾನರೊಂದನ್ನು ಎತ್ತಿ, ಸೀಮೆಎಣ್ಣೆಯ ಬಟ್ಟೆಯಿಂದ ಅಕ್ಷರಗಳು ಕಾಣುವವರೆಗೂ ಉಜ್ಜಿ, ವರ್ನಿಯರಿನಲ್ಲಿ ಬಾಯಿಯನ್ನು ಅಳೆದು, “ನೋಡಿ ಮಾರಾಯ್ರೆ, ನಿಮ್ಮದು ಇದೇ” ಎಂದರು. ನಾನು ಒಯ್ದಿದ್ದ ಸ್ಪ್ಯಾನರಿನ ಪಕ್ಕದಲ್ಲಿಟ್ಟು ಅಚ್ಚಿನ ಅಕ್ಷರಗಳನ್ನೂ ಹೋಲಿಸಿ ತೋರಿಸಿದರು. ನನಗೆ ಹೋದ ಜೀವ ಬಂದಂತಾಯಿತು. ಕಬ್ಬಿಣದ ತೂಕದ ಬೆಲೆಯನ್ನಷ್ಟೇ ತೆಗೆದುಕೊಂಡ, ಹೆಸರನ್ನೂ ಹೇಳದ ಆ ಹಿರಿಯರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.